ಅಮಾವಾಸ್ಯೆ ತಪ್ಪಿದ ಮೆಷಿನ್

ರಾಯದುರ್ಗದಲ್ಲಿ ನಮ್ಮದು ಇಂಟರ್‌ನೆಟ್ ಲೈನಿನ ವ್ಯಾಪಾರ. ಅಂಗಡಿಯ ಹಿಂದಿನ ಕೋಣೆಯ ಒಂದೇ ಮೆಷಿನ್‌ನಿಂದ ಸುತ್ತಲ ಓಣಿಗಳಿಗೆಲ್ಲ ನೆಟ್ ಹೋಗುತ್ತದೆ. ಪ್ರತಿ ಅಮಾವಾಸ್ಯೆ ಅಪ್ಪ ಅದನ್ನು ಆರಿಸಿ, ಒರೆಸಿ, ಕುಂಕುಮ ಹಚ್ಚಿ, ಕಾಯಿ ಒಡೆದ ಮೇಲೆಯೇ ಮತ್ತೆ ಆನ್ ಮಾಡುತ್ತಿದ್ದರು. ನೆಟ್ ಹೋಯಿತೆಂದು ಯಾರಾದರೂ ಫೋನ್ ಮಾಡಿದರೆ, "ಇವತ್ತು ಅಮಾಸಿ ಐತ್ರಿ, ಮಿಷಿನ್ನೂ ಜಳಕ ಮಾಡಬೇಕಲ್ರಿ" ಎನ್ನುವರು. ಬೈಗುಳ ತಿನ್ನುವವನು ನಾನು. ಮೈ ಉರಿಯುತ್ತಿತ್ತು.

ಅಪ್ಪ ಹಾಸಿಗೆ ಹಿಡಿದರು. ಆ ತಿಂಗಳ ಅಮಾವಾಸ್ಯೆ ಯಾರಿಗೂ ನೆನಪಾಗಲಿಲ್ಲ. ತಂಗಿ ಮಡಕಶಿರದ ಗಂಡನ ಮನೆಯಲ್ಲಿ ಹಸಿ ಬಾಣಂತಿ. ಆಪರೇಷನ್ ಆಗಿ ಹೆರಿಗೆಯಾಗಿತ್ತು, ಬರುವಂತಿರಲಿಲ್ಲ. ಪುರುಡು ಕಳೆಯುವ ತನಕ ಕೂಸಿನ ಫೋಟೊ ಕಳಿಸಬಾರದೆಂದು ಅವಳ ಅತ್ತೆ ತಡೆದಿದ್ದರು. ಅಪ್ಪನಿಗೆ ಉಳಿದಿದ್ದು ಅದೊಂದೇ ಆಸೆ, ಮೊಮ್ಮಗಳ ಮುಖ.

ಪುರುಡು ಕಳೆದ ಮಧ್ಯಾಹ್ನ ಮಂಚದ ಪಕ್ಕ ಲ್ಯಾಪ್‌ಟಾಪ್ ಇಟ್ಟು ವಿಡಿಯೊ ಕಾಲ್ ಹಚ್ಚಿದೆ. ತಂಗಿ ಕೂಸನ್ನು ಎತ್ತಿ ಹಿಡಿದಳು. ಅದು ಬಾಯಿ ತೆರೆದು ಆಕಳಿಸುತ್ತಿದ್ದಂತೆ ಚಿತ್ರ ಅಲ್ಲೇ ನಿಂತಿತು. ಫೋನಿನ ಡೇಟಾದಿಂದಲೂ ಮತ್ತೆ ಹಚ್ಚಬಹುದಿತ್ತು. ಲೈನಿನವರ ಮನೆ, ನೆಟ್ ಹೋದರೆ ಮೆಷಿನ್ ಕಡೆ ಓಡುವುದೇ ರೂಢಿ. ಓಡಿದೆ. ಆರಿಸಿ ಆನ್ ಮಾಡಿದೆ, ಸರಿಹೋಯಿತು.

ಮನೆಗೆ ಬಂದಾಗ ಅವ್ವ ಮಂಚದ ಬಳಿಯೇ ಕೂತಿದ್ದಳು. ಅಪ್ಪ ಹೋಗಿದ್ದರು. ನನಗೆ ಅಳು ಬರಲಿಲ್ಲ. ಶಾಮಿಯಾನದವನ ನಂಬರ್ ಹುಡುಕಿದೆ.

ಕರ್ಮ ಮುಗಿದ ಮೇಲೆ ಮೆಷಿನ್ ಬಿಚ್ಚಿ ಕೂತೆ. ನೆಟ್‌ವರ್ಕ್ ಕಾರ್ಡನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಮಿನಲ್ಲಿ ತಪ್ಪಿತ್ತು. ಕಳಿಸಿದ್ದನ್ನೆಲ್ಲ ಅದು ಎಣಿಸುತ್ತದೆ; ಎಣಿಕೆಗೆ ಕೊಟ್ಟ ಜಾಗ ತುಂಬಿದರೆ ಸಂಖ್ಯೆ ಮೈನಸ್ಸಿಗೆ ಉರುಳಿ, ಕಾರ್ಡ್ ಕಳಿಸುವುದನ್ನೇ ನಿಲ್ಲಿಸುತ್ತದೆ. ಆರಿಸಿದರೆ ಮತ್ತೆ ಸೊನ್ನೆಯಿಂದ. ಅಪ್ಪ ತಿಂಗಳಿಗೊಮ್ಮೆ ಆರಿಸುತ್ತಿದ್ದರಿಂದ ಅದು ತುಂಬಿರಲೇ ಇಲ್ಲ. ಹೊಸ ಡ್ರೈವರ್ ಹಾಕಿದೆ. ಚಹಾ ಆರುವಷ್ಟರಲ್ಲಿ ಮುಗಿಯಿತು.

ಅಂದು ಸಂಜೆ ತಂಗಿ ಫೋನ್ ಮಾಡಿದಳು. "ಅಣ್ಣ, ನನ್ ಫೋನ್ಯಾಗ ಅಪ್ಪನ ಮುಖ ಹಂಗೇ ನಿಂತಿತ್ತು. ಕೇಳಿಸ್ತೈತಿ ಅಂದ್ಕಂಡು ಮಾತಾಡ್ತಾನೇ ಇದ್ದೆ. ಅಪ್ಪ ಕೂಸಿನ್ನ ನೋಡಿದ್ರೇನು?"

ನಾನು ಅಲ್ಲಿರಲಿಲ್ಲ. ಅವ್ವ ಫೋನ್ ಇಸಿದುಕೊಂಡಳು.

"ನೋಡಿದ್ರವ್ವ. ಕೂಸು ಆಕಳಿಸಿದ್ದು ಹಂಗೇ ನಿಂತಿತ್ತಲ್ಲ, ಅದನ್ನ ನೋಡ್ಕೋತನೇ ಹೋದ್ರು. 'ಎಷ್ಟೊತ್ತು ಆಕಳಿಸ್ತೈತಿ, ಪಾಪ ನಿದ್ದಿ ಬಂದೈತಿ, ಮಲಗಿಸಾಕ ಹೇಳು' ಅಂದ್ರು."