ಹಗೇವಿನೊಳಗೆ ಬಂದ ಭೂಕಂಪ

ತೊಂಬತ್ತರ ದಶಕದ ಕೊನೆಯ ವರ್ಷಗಳು. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ್ದ ನಾನು ಸಂಶೋಧನಾ ಯೋಜನೆಯೊಂದರ ತಾತ್ಕಾಲಿಕ ಸಹಾಯಕಿಯಾಗಿ ಶಿವಮೊಗ್ಗಕ್ಕೆ ಬಂದೆ. ದುರ್ಗಿಗುಡಿಯಲ್ಲಿ ಬಾಡಿಗೆ ಕೋಣೆ, ವಿದ್ಯಾನಗರದ ಒಂದು ಖಾಲಿ ಉಗ್ರಾಣದಲ್ಲಿ ಒಂದು ಯಂತ್ರ, ಭದ್ರಾವತಿಯಲ್ಲಿ ಇನ್ನೊಂದು ಯಂತ್ರ. ನನ್ನ ಕರ್ತವ್ಯವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಭೂಕಂಪ ಆಗಲಿ ಎಂದು ಕಾಯುವುದು.

ಇದನ್ನು ಸ್ವಲ್ಪ ವಿವರಿಸಬೇಕು. ದೂರದಲ್ಲೆಲ್ಲೋ ದೊಡ್ಡ ಭೂಕಂಪವಾದಾಗ ಅದರ ಕೆಲವು ಅಲೆಗಳು ನೆಲದ ಮೇಲ್ಮೈ ಹಿಡಿದೇ ಸಾಗುತ್ತವೆ. ಇವಕ್ಕೆ ಸರ್ಫೇಸ್ ವೇವ್ ಎನ್ನುತ್ತಾರೆ. ಸಾವಿರಾರು ಕಿಲೋಮೀಟರ್ ದಾಟಿ ಬರುವಷ್ಟರಲ್ಲಿ ಅವು ಮನುಷ್ಯರಿಗೆ ತಿಳಿಯುವುದಿಲ್ಲ, ನಮ್ಮ ಯಂತ್ರಕ್ಕೆ, ಅಂದರೆ ಸೀಸ್ಮೋಮೀಟರಿಗೆ, ಮಾತ್ರ ತಿಳಿಯುತ್ತವೆ. ಉದ್ದನೆಯ ಅಲೆ ಆಳದ ಬಂಡೆಯವರೆಗೆ ಮುಟ್ಟಿಕೊಂಡು ಬೇಗ ಬರುತ್ತದೆ. ಗಿಡ್ಡ ಅಲೆ ಮೇಲಿನ ಮರಳು ಮಣ್ಣಿನಲ್ಲಿ ಕಾಲೆಳೆದುಕೊಂಡು ತಡವಾಗಿ ಬರುತ್ತದೆ. ಎರಡು ಊರುಗಳಲ್ಲಿ ಒಂದೇ ಅಲೆಯನ್ನು ಹಿಡಿದು, ಯಾವುದು ಎಷ್ಟು ತಡವಾಯಿತೆಂದು ನೋಡಿದರೆ, ಬಂಡೆಯ ಮೇಲೆ ಮಣ್ಣಿನ ಹೊದಿಕೆ ಎಷ್ಟು ದಪ್ಪ ಎಂದು ಗುದ್ದಲಿ ಹಾಕದೆ ಹೇಳಬಹುದು. ನಮ್ಮ ಕಡೆ ಈ ಹೊದಿಕೆ ತೆಳು. ಇಲ್ಲಿ ವಿಧಾನ ಗೆದ್ದರೆ ದಪ್ಪ ಮೆಕ್ಕಲು ಮಣ್ಣಿನ ಬಯಲಿಗೆ ಹೋಗೋಣ ಎಂಬುದು ನಮ್ಮ ಪ್ರೊಫೆಸರರ ಲೆಕ್ಕಾಚಾರ. ಆದರೆ ಅಲೆ ಎರಡೂ ಊರುಗಳನ್ನು ಜೋಡಿಸುವ ಗೆರೆಯ ಗುಂಟ, ಆಗ್ನೇಯದಿಂದಲೋ ವಾಯವ್ಯದಿಂದಲೋ ಬರಬೇಕಿತ್ತು. ಮಾರ್ಚ್ ಕೊನೆಗೆ ಯಂತ್ರಗಳನ್ನು ಹಿಂತಿರುಗಿಸಬೇಕಿತ್ತು. ಅಷ್ಟರಲ್ಲಿ ಒಂದೂ ಸಿಗದಿದ್ದರೆ ಯೋಜನೆಯೂ ಇಲ್ಲ, ನನ್ನ ಕೆಲಸವೂ ಇಲ್ಲ.

ಭದ್ರಾವತಿಯಲ್ಲಿ ಕಾರ್ಖಾನೆ, ಲಾರಿ, ರೈಲು ಎಲ್ಲವೂ ನೆಲ ನಡುಗಿಸುವಂಥವೇ. ನಿಶ್ಶಬ್ದ ಜಾಗ ಹುಡುಕಿ ಸೋತಾಗ ಹಳೇನಗರದ ಧಾನ್ಯ ವ್ಯಾಪಾರಿ ರುದ್ರಪ್ಪನವರ ಮನೆಯ ಹಗೇವು ಸಿಕ್ಕಿತು. ಹಗೇವು ಎಂದರೆ ನೆಲದಡಿಯ ಕಣಜ. ಕೆಳಗೆ ಒಬ್ಬರು ನಿಂತು ತಿರುಗುವಷ್ಟು ಜಾಗ, ಮೇಲೆ ಕಿರಿದಾದ ಕೊರಳು, ಬಾಯಿಗೆ ಚಪ್ಪಡಿ ಕಲ್ಲು ಮುಚ್ಚಿ ಸುತ್ತ ಮಣ್ಣು ಮೆತ್ತುತ್ತಾರೆ. ಬಯಲುಸೀಮೆಯಿಂದ ಬಂದು ನೆಲೆಸಿದ ಅವರ ಅಜ್ಜ ಜೋಳ ತುಂಬಲು ಹಿತ್ತಲಿನಲ್ಲಿ ತೋಡಿಸಿದ್ದು, ಈಗ ಬರಿದಾಗಿತ್ತು. ಗಾಳಿಯಿಲ್ಲ, ಬಿಸಿಲಿಲ್ಲ, ಸದ್ದಿಲ್ಲ. ಪ್ರೊಫೆಸರ್ ಹಿಗ್ಗಿ ಇಳಿಯಲು ಹೋದರು, ಹೊಟ್ಟೆ ಕೊರಳಲ್ಲಿ ಸಿಕ್ಕಿಕೊಂಡಿತು. ರುದ್ರಪ್ಪನವರೂ ನಾನೂ ತಲಾ ಒಂದು ರಟ್ಟೆ ಹಿಡಿದು ಎಳೆದೆವು. ಅಂದಿನಿಂದ ಇಳಿಯುವ ಕೆಲಸ ನನ್ನದಾಯಿತು.

ಇಳಿಯುವ ಮುನ್ನ ಒಂದು ಪದ್ಧತಿಯಿತ್ತು. ಮನೆಯೊಡತಿ ಪಾರ್ವತಮ್ಮ ತಗಡಿನ ಡಬ್ಬಿಯಲ್ಲಿ ಹಣತೆ ಹಚ್ಚಿಟ್ಟು ಹಗ್ಗದಿಂದ ಒಳಗೆ ಇಳಿಬಿಡುತ್ತಿದ್ದರು. ಜೋಳ ಮುಗ್ಗಿದ ಹಗೇವಿನಲ್ಲಿ ಗಾಳಿ ಕೆಟ್ಟು ಉಸಿರುಕಟ್ಟಿ ಸತ್ತವರುಂಟು. ಗಾಳಿ ಕೆಟ್ಟಿದ್ದರೆ ದೀಪ ಆರುತ್ತದೆ. ಗಣಿಗಳ ಪಾಠದಲ್ಲಿ ನಾನೂ ಇದನ್ನೇ ಓದಿದ್ದೆ. ನಾನು ಬಾಯಿಗೆ ಮುಖವಿಟ್ಟು ನೋಡುತ್ತಿದ್ದೆ. ದೀಪ ಉರಿಯುತ್ತಿದ್ದರೆ ಇಳಿಯುತ್ತಿದ್ದೆ.

"ಅಲ್ವೇ ಮಾರಾಯ್ತಿ, ಊರೆಲ್ಲ ಭೂಕಂಪ ಬೇಡಪ್ಪಾ ಅಂತ ಕೈ ಮುಗೀತಾರೆ. ನೀನು ಬರ್ಲಿ ಅಂತ ಬಸ್ ಹತ್ಕೊಂಡು ಬರ್ತೀಯಲ್ಲ" ಎಂದು ಪಾರ್ವತಮ್ಮ ಒಂದು ದಿನ ಕೇಳಿದರು.

"ಇಲ್ಲಲ್ಲ ಅಮ್ಮಾ, ದೂರದಲ್ಲಿ ಆಗ್ಬೇಕು."

"ದೂರದಲ್ಲಿ ಮನುಷ್ಯರಿಲ್ವಾ?"

"ಸಮುದ್ರದ ಮಧ್ಯ ಆದ್ರೆ ಸಾಕು."

"ಹಂಗಾದ್ರೆ ಮೀನಿಗೊಂದು ಮಾತು ಹೇಳ್ಬಿಡು."

ರುದ್ರಪ್ಪನವರು ಇಷ್ಟೆಲ್ಲ ಮಾತಾಡುತ್ತಿರಲಿಲ್ಲ. ಪಡಸಾಲೆಯಲ್ಲಿ ಕೂತಲ್ಲಿಂದಲೇ, ಅಕ್ಕಿಯ ಲೋಡು ಬಂತೇ ಎಂದು ವಿಚಾರಿಸುವ ದನಿಯಲ್ಲಿ, "ಬಂತೇನ್ರಿ ಮೇಡಂ?" ಎನ್ನುತ್ತಿದ್ದರು. ನಾನು ಇಲ್ಲ ಎನ್ನುತ್ತಿದ್ದೆ. "ಬರುತ್ತೆ ಬಿಡಿ" ಎಂದು ಸಮಾಧಾನ ಹೇಳುತ್ತಿದ್ದರು.

ಯಂತ್ರ ನಡೆಯುತ್ತಿದ್ದುದು ಲಾರಿಯ ಬ್ಯಾಟರಿಯಿಂದ. ವಾರಕ್ಕೊಮ್ಮೆ ಅದನ್ನು ಹಗ್ಗ ಕಟ್ಟಿ ಮೇಲೆತ್ತಿ, ಅಂಗಡಿಯಲ್ಲಿ ಚಾರ್ಜ್ ಮಾಡಿಸಿ ಮತ್ತೆ ಇಳಿಸಬೇಕು. ಪ್ರತಿಸಲವೂ ನಮ್ಮ ತುಳಿದಾಟವೇ ಟೇಪಿನಲ್ಲಿ ದಾಖಲಾಗುತ್ತಿತ್ತು. ಫೆಬ್ರವರಿಯಲ್ಲಿ ಪ್ರೊಫೆಸರ್ ಸುಧಾರಣೆ ತಂದರು. ಚಾರ್ಜರ್ ಪಡಸಾಲೆಯಲ್ಲಿ, ಅಲ್ಲಿಂದ ಒಂದು ವೈರು ಹಗೇವಿನೊಳಗೆ, ಸಂದುಗೊಂದಿಗೆಲ್ಲ ಮಣ್ಣು. "ಟೇಪು ಮಾರ್ಚ್ ಕೊನೆವರೆಗೂ ಸಾಕು, ಇನ್ನು ಬಾಯಿ ತೆಗೆಯೋದೇ ಬೇಡ ನೋಡಮ್ಮ" ಎಂದರು. ಬ್ಯಾಟರಿ ಹೊರುವುದು ತಪ್ಪಿತೆಂದು ನಾನೂ, ಅಂಗಳಕ್ಕೆ ಆಸಿಡ್ ಚೆಲ್ಲುವುದು ತಪ್ಪಿತೆಂದು ಪಾರ್ವತಮ್ಮನೂ ಸಂತೋಷಪಟ್ಟೆವು.

ಮಾರ್ಚ್ ಮೂರನೇ ವಾರ ಬೆಳಗಿನ ರೇಡಿಯೋ ವಾರ್ತೆಯಲ್ಲಿ ಅದು ಬಂತು. ಆಗ್ನೇಯಕ್ಕೆ, ನಡುಸಮುದ್ರದಲ್ಲಿ, ದೊಡ್ಡ ಭೂಕಂಪ, ಪ್ರಾಣಹಾನಿಯ ವರದಿಯಿಲ್ಲ. ತಿಂಡಿಯನ್ನೂ ತಿನ್ನದೆ ಬಸ್ ಹಿಡಿದೆ. ಮೆತ್ತಿದ ಮಣ್ಣು ಕೆರೆದು, ಪಾರ್ವತಮ್ಮನೂ ನಾನೂ ಚಪ್ಪಡಿಯನ್ನು ಡಬ್ಬಿ ಹಿಡಿಸುವಷ್ಟು ಸರಿಸಿದೆವು. ಅವರು ಎಂದಿನಂತೆ ದೀಪ ಹಚ್ಚಿ ಹಗ್ಗ ಬಿಟ್ಟರು. ನಾನು ಎಂದಿನಂತೆ ಮಂಡಿಯೂರಿ ಮುಖ ಬಗ್ಗಿಸಿದೆ. ಆಗ ಪಡಸಾಲೆಯಿಂದ ಕೇಳಿಸಿತು:

"ಬಂತೇನ್ರಿ ಮೇಡಂ?"

ಅಷ್ಟು ತಿಂಗಳಲ್ಲಿ ಮೊದಲ ಸಲ ಹೇಳುವ ಉತ್ತರ. ಕೂತಲ್ಲೇ ಪೂರ್ತಿ ಹಿಂದಕ್ಕೆ ತಿರುಗಿ, "ಬಂತು" ಎಂದೆ.

ಹಗೇವು ಢಂ ಎಂದಿತು. ಚಪ್ಪಡಿ ಮೊಣಕಾಲೆತ್ತರ ನೆಗೆದು ಎರಡು ಹೋಳಾಗಿ ಬಿತ್ತು. ನಾನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬೋರಲಾಗಿ ಬಿದ್ದಿದ್ದೆ. ಬಲಗಿವಿಯಲ್ಲಿ ಗುಂಯ್ ಎನ್ನುತ್ತಿತ್ತು, ಮೂಗಿಗೆ ಸುಟ್ಟ ಕೂದಲಿನ ವಾಸನೆ ಬರುತ್ತಿತ್ತು. ಕೂದಲು ನನ್ನದೇ. ಪಾರ್ವತಮ್ಮ ಹಗ್ಗ ಹಿಡಿದು ಹಾಗೇ ನಿಂತಿದ್ದರು, ಅದರ ತುದಿಯಲ್ಲಿ ಡಬ್ಬಿ ಇರಲಿಲ್ಲ. ಪಕ್ಕದ ಮನೆಯ ಮುನಿಸ್ವಾಮಿ, ಕಾರ್ಖಾನೆಯಿಂದ ನಿವೃತ್ತರಾದವರು, ಅರ್ಧ ಕೆನ್ನೆಯ ಸೋಪಿನೊಂದಿಗೆ ಬೀದಿಗೆ ಓಡಿ ಎಲ್ಲರನ್ನೂ ಮನೆಯಿಂದ ಹೊರಗೆ ಕರೆಯುತ್ತಿದ್ದರು. ರುದ್ರಪ್ಪನವರೂ ಬೀದಿಗೆ ಓಡಿದವರು ಹೆಂಡತಿಯ ನೆನಪಾಗಿ ವಾಪಸ್ ಬಂದರು.

ಪಾರ್ವತಮ್ಮ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ನೋಡಿ, ಸಮಾಧಾನದ ಉಸಿರು ಬಿಟ್ಟರು. "ಬಂತು ಅಂದ್ಯಲ್ಲೇ ಮಾರಾಯ್ತಿ, ಇಷ್ಟು ಹತ್ರ ಬರುತ್ತೆ ಅಂತ ಮೊದ್ಲೇ ಹೇಳೋದಲ್ವಾ?"

ಎಸ್‌ಟಿಡಿ ಬೂತಿನಿಂದ ಪ್ರೊಫೆಸರಿಗೆ ಫೋನ್ ಮಾಡಿದೆ. "ಟೇಪ್ ಹೇಗಿದೆ?" ಎಂದರು. ಸ್ವಲ್ಪ ತಡೆದು, "ನೀನು ಹೇಗಿದ್ದೀಯಮ್ಮ?" ಎಂದರು. ಆಮೇಲೆ ಅವರಿಗೇ ಹೊಳೆಯಿತು. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬಿಡುಗಡೆಯಾಗುತ್ತದೆ, ಕಿಡಿ ಸೋಕಿದರೆ ಸಿಡಿಯುತ್ತದೆ. ಹಗುರವಾದ ಅನಿಲ ವಾರಗಟ್ಟಲೆ ಹಗೇವಿನ ಕೊರಳಲ್ಲಿ ಕೂಡಿಕೊಂಡಿತ್ತು. ಅದಕ್ಕೆ ನಾವು ಭಕ್ತಿಯಿಂದ ದೀಪ ಹಿಡಿದಿದ್ದೆವು. "ಬ್ಯಾಟರಿ ಬಿರಿದಿದ್ದರೆ ಆಸಿಡ್ ಟೇಪಿಗೆ ಹರಿಯುತ್ತೆ, ಇವತ್ತೇ ತೆಗೀಬೇಕು" ಎಂದರು.

ಚಾರ್ಜರ್ ಕಿತ್ತುಹಾಕಿದೆವು. ಮಧ್ಯಾಹ್ನದವರೆಗೆ ಬಾಯಿ ತೆರೆದಿಟ್ಟು ಮೊರದಿಂದ ಗಾಳಿ ಹಾಕಿದೆವು. ಈಗ ಒಳಗಿನ ಗಾಳಿ ಪರೀಕ್ಷಿಸುವುದು ಹೇಗೆ? ದೀಪದ ಹೆಸರೆತ್ತುವ ಧೈರ್ಯ ಯಾರಿಗೂ ಇರಲಿಲ್ಲ. "ಮುನಿಸ್ವಾಮಿ ಹತ್ರ ಕೋಳಿ ಇದೆ" ಎಂದರು ರುದ್ರಪ್ಪನವರು. ಮಾಂಸ ಮುಟ್ಟದ ಶರಣರ ಮನೆ, ಅವರ ಹಿತ್ತಲಿಗೆ ಕೋಳಿ ಬಂದದ್ದು ಅದೇ ಮೊದಲಿರಬೇಕು.

"ಮೊಟ್ಟೆ ಇಡೋ ಕೋಳಿ ಸಾರ್. ಸತ್ತೋದ್ರೆ?" ಎಂದರು ಮುನಿಸ್ವಾಮಿ.

"ಮೇಡಂ ಸತ್ತೋದ್ರೆ?"

ಮುನಿಸ್ವಾಮಿ ನನ್ನನ್ನೂ ಕೋಳಿಯನ್ನೂ ನೋಡಿ ಯೋಚಿಸಿದರು. ಆಮೇಲೆ ಬುಟ್ಟಿ ತಂದರು.

ಕೋಳಿ ಕೆಳಗೆ ಹೋಗಿ ಬುಟ್ಟಿಯಿಂದ ಹಾರಿ ಬಹಳ ಹೊತ್ತು ಕೆದರಿ, ಕೂಗಾಡಿತು. ಜೀವಂತವಾಗಿದೆ ಎಂಬುದು ಖಚಿತವಾಯಿತು. ಅದನ್ನು ಹಿಡಿದು ತರಲೂ ನಾನೇ ಇಳಿಯಬೇಕಾಯಿತು. ಕೊರಳಿನಲ್ಲಿ ಒಂದೊಂದು ಕಾಲಿಡುವಾಗಲೂ ಆ ಢಂ ಮತ್ತೆ ಕೇಳಿಸುತ್ತಿತ್ತು. ಇಂದಿಗೂ ಗ್ಯಾಸ್ ಒಲೆ ಹಚ್ಚುವಾಗ ಮುಖ ತಾನಾಗಿ ಹಿಂದಕ್ಕೆ ತಿರುಗುತ್ತದೆ. ಕೆಳಗೆ ಬ್ಯಾಟರಿ ಬಿರಿದಿತ್ತು, ಆಸಿಡ್ ರೆಕಾರ್ಡರಿನ ಕಬ್ಬಿಣದ ಪೆಟ್ಟಿಗೆಯಿಂದ ಇನ್ನೂ ಗೇಣುದ್ದ ದೂರದಲ್ಲಿತ್ತು. ಒಳಗಿನ ಸಣ್ಣ ಬದಲಿ ಬ್ಯಾಟರಿಯಿಂದ ಟೇಪ್ ಇನ್ನೂ ಓಡುತ್ತಿತ್ತು.

ಮರುದಿನ ಪ್ರೊಫೆಸರ್ ಬಂದರು. ಎರಡೂ ಊರಿನ ಟೇಪುಗಳನ್ನು ಕಾಗದದ ಮೇಲೆ ಗೆರೆಗಳಾಗಿ ಇಳಿಸಿ ಮೇಜಿನ ಮೇಲೆ ಹಾಸಿದೆವು. ಭದ್ರಾವತಿಯಲ್ಲಿ ಮೊದಲು, ಶಿವಮೊಗ್ಗದಲ್ಲಿ ಆಮೇಲೆ, ಉದ್ದನೆಯ ಅಲೆಗಳ ಹಿಂದೆ ಗಿಡ್ಡ ಅಲೆಗಳು ಸಾಲಾಗಿ ನಿಂತಿದ್ದವು. ಪ್ರೊಫೆಸರ್ ಕಣ್ಣೊರೆಸಿಕೊಂಡರು. ಬಂಡೆಯ ಮೇಲಿನ ಮಣ್ಣು ತೆಳುವೆಂದು ಗೆರೆಯೇ ಹೇಳುತ್ತಿತ್ತು. ಯೋಜನೆ ಉಳಿಯಿತು, ನನ್ನ ಕೆಲಸವೂ.

ಅವರ ಬೆರಳು ಮುಂದೆ ಸರಿಯಿತು. "ಇದೇನು, ಕಾಗದ ಹರಿಯೋ ಹಾಗಿದೆ?"

"ಬ್ಯಾಟರಿ, ಸರ್."

"ಇದಾದ ಮೇಲೆ ಸಣ್ಣ ಸಣ್ಣದು ಎಷ್ಟೊಂದಿದೆ. ಆಫ್ಟರ್‌ಶಾಕಾ?"

"ಕೋಳಿ, ಸರ್."

"ಕೊನೆಯಲ್ಲಿ ಈ ಒಂದೇ ಸಮನೆ ನಡುಕ?"

"ಅದು ನಾನು, ಸರ್."

ಅವರು ನಗಲಿಲ್ಲ. ಪೆನ್ಸಿಲ್ ತೆಗೆದು ಆ ನಡುಕದ ಪಕ್ಕದಲ್ಲಿ 'ಇನ್ನು ಚಾರ್ಜರ್ ಬೇಡ' ಎಂದು ಬರೆದರು.

ಮುಂದೆ ಎಷ್ಟೋ ಬಾವಿ, ಸುರಂಗ, ನೆಲಮಾಳಿಗೆಗಳಲ್ಲಿ ಯಂತ್ರ ಇಟ್ಟಿದ್ದೇನೆ. ಮುನ್ನೆಚ್ಚರಿಕೆ ಪಾಲಿಸಿದರೆ ಸಾಲದು, ಅದು ಯಾವ ಅಪಾಯಕ್ಕಾಗಿ ಹುಟ್ಟಿದ್ದು ಎಂದೂ ತಿಳಿದಿರಬೇಕು ಎಂಬುದು ಈ ವೃತ್ತಿ ನನಗೆ ಕಲಿಸಿದ ಪಾಠ. ಜೋಳದ ಹಗೇವಿಗೆ ದೀಪ ಸರಿಯಾಗಿತ್ತು, ಬ್ಯಾಟರಿಯ ಹಗೇವಿಗೆ ಅದೇ ದೀಪ ಮದ್ದಿನ ಬತ್ತಿಯಾಯಿತು. ಹೀಗಾಗಿ ಯಾರಾದರೂ ಮುಚ್ಚಿದ ಜಾಗ ತೋರಿಸಿ, "ಯಾವಾಗ್ಲೂ ಹಿಂಗೇ ಮಾಡೋದು ಮೇಡಂ, ಏನೂ ಆಗಲ್ಲ" ಎಂದರೆ, ಈಗ ಒಳಗೆ ಏನಿದೆ ಎಂದು ಕೇಳುತ್ತೇನೆ. ಉತ್ತರ ಬರುವವರೆಗೆ ಎರಡು ಹೆಜ್ಜೆ ಹಿಂದೆಯೇ ನಿಂತಿರುತ್ತೇನೆ.