ಲಿಂಗಪ್ಪ ಮಾವನ ಕೊಳೆಯದ ಹಣ್ಣು

ಮಾವಿನ ಕಾಲ ಬಂತೆಂದರೆ ನಮ್ಮ ಲಿಂಗಪ್ಪ ಮಾವನ ತುಟಿ ಸುಟ್ಟಿರುತ್ತಿತ್ತು. ಅವರು ಅಮ್ಮನ ತಮ್ಮ. ಊಟಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ, ನಿವೃತ್ತರಾಗಿ ಮಸಿನಗುಡಿಗೆ ಬಂದವರು. ಯಾರ ಹಿತ್ತಲಲ್ಲಿ ಮಾವು ಕಂಡರೂ ಕಾಯಿ ಕಿತ್ತು, ಸೊನೆ ಸಮೇತ ಸಿಪ್ಪೆಯನ್ನೇ ಕಚ್ಚುತ್ತಿದ್ದರು. ನಾವೆಲ್ಲ ತೊಟ್ಟು ಮುರಿದು, ಕಾಯಿ ಬೋರಲು ಹಾಕಿ ಸೊನೆ ಇಳಿಸುವವರು. ಅದನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. "ಕಾವಲುಗಾರನ್ನ ಓಡಿಸಿ, ಆಮೇಲೆ ಕಳ್ಳ ಬಂದ ಅಂತ ಮರುಂದು-ಮದ್ದು ಹೊಡೀತೀರಲ್ಲೋ! ಕಪ್ಪುಚುಕ್ಕೆ ರೋಗ ಎಳೆಕಾಯಲ್ಲೇ ಬಂದು ಮಲಗಿರ್ತದೆ. ಸೊನೇಲಿ, ಸಿಪ್ಪೇಲಿ ಇರೋ ಸತ್ವ ಅದನ್ನ ಏಳಕ್ಕೆ ಬಿಡಲ್ಲ" ಎಂದು ಬೈಯುತ್ತಿದ್ದರು. ಮಾತು ನಿಜವೇ. ಆದರೆ ಮಾರುವವರಿಗೆ ಸೊನೆಯ ಕಲೆಯಿಲ್ಲದ ಹಣ್ಣು ಬೇಕಿತ್ತು.

ನನಗೆ ಹೆಣ್ಣು ನೋಡಲು ಗೂಡಲೂರಿಗೆ ಹೋದಾಗಲೂ ಅವರು ಮೊದಲು ನೋಡಿದ್ದು ಅಂಗಳದ ಮಾವಿನ ಮರವನ್ನು. ಕಾಯಿ ಕಚ್ಚಿದರು, ತುಟಿ ಊದಿತು, ಮಾತು ನಿಂತಿತು. ಹೆಣ್ಣಿನ ತಂದೆ, "ನಿಮ್ಮ ಮಾಮ ಎಷ್ಟು ಗಂಭೀರ ಮನುಷ್ಯರು!" ಎಂದು ಮೆಚ್ಚಿ ಒಪ್ಪಿಗೆ ಕೊಟ್ಟರು. ಮದುವೆಯ ದಿನ ಮಾವ ಬಾಯಿ ತೆರೆದಾಗ ಅವರಿಗೆ ನಿಜ ತಿಳಿಯಿತು. ಅಷ್ಟರಲ್ಲಿ ತಾಳಿ ಕಟ್ಟಿ ಆಗಿತ್ತು.

ಹೀಗೆ ಕಚ್ಚಿ ಕಚ್ಚಿ, ಸೊನೆ ಹೆಚ್ಚು ಸುಡುವುದನ್ನೇ ನೋಡಿ ಆರಿಸಿದ ಮರವೊಂದರ ಕಸಿಯನ್ನು ಮಾವ ಮನೆಯ ಮುಂದೆ ನೆಟ್ಟರು. ಮರ ಫಲ ಕೊಟ್ಟಿತು. ಮದ್ದು ಹೊಡೆಯದಿದ್ದರೂ ಚುಕ್ಕೆಯಿಲ್ಲ. ಹಣ್ಣನ್ನು ಅಡುಗೆಮನೆಯಲ್ಲಿಟ್ಟರೆ ವಾರಗಟ್ಟಲೆ ಮಿರಮಿರ ಮಿಂಚುತ್ತಿತ್ತು. ತಿನ್ನಲು ಮಾತ್ರ ಆಗುತ್ತಿರಲಿಲ್ಲ. ಒಗರು, ನಾರು, ಸೀಮೆಎಣ್ಣೆ ವಾಸನೆ. ಬೇಲಿ ಮುರಿದು ಬಂದ ಆನೆ ಕೂಡ ಹಲಸನ್ನು ಮುಗಿಸಿ, ಇದನ್ನು ಮೂಸಿ ನೋಡಿ ಹೋಯಿತು.

"ರೋಗಕ್ಕೂ ಬೇಡ, ನಮಗೂ ಬೇಡ. ಈ ನೆರಳಿಗೆ ಬಟ್ಟೆನೂ ಒಣಗದಿಲ್ಲೆ. ಕಡಿಸ್ತೀನಿ" ಎಂದರು ಮಾವನ ಹೆಂಡತಿ, ನಮ್ಮ ಅತ್ತೆ.

ಯಾರಿಗೂ ತಲೆಬಾಗದ ಮಾವ ಅಂಗಲಾಚಿದರು. "ಒಬ್ರೇ ಒಬ್ರು ಪೂರ್ತಿ ಒಂದು ಹಣ್ಣು ತಿಂದ್ರೆ ಬಿಟ್ಬಿಡು. ಯಾರೂ ತಿನ್ನದಿದ್ರೆ ಕಡಿಸು."

"ಆಯ್ತು. ನೀವು ಲೆಕ್ಕಕ್ಕಿಲ್ಲೆ."

ನಾನು ಪ್ರಯತ್ನಪಟ್ಟೆ. ಅರ್ಧಕ್ಕೇ ಸೋತೆ. ಮಾವ ಉಳಿದರ್ಧ ತಾವೇ ತಿಂದರು. ನಾನು ಅವರನ್ನು ಕಂಡದ್ದು ಅದೇ ಕಡೆ. ಆ ಮಾವಿನ ಕಾಲ ಮುಗಿಯುವ ಮೊದಲೇ ಎದೆನೋವು ಬಂದು ಹೋಗಿಬಿಟ್ಟರು.

ದುಃಖ ಕೇಳಲು ಬಂದವರು ತಂದ ಸೇಬು, ಬಾಳೆಹಣ್ಣು ಕೊಳೆತವು. ಮಾವನ ಹಣ್ಣುಗಳು ಹಾಗೇ ಇದ್ದವು. ಅತ್ತೆ ಮೊದಲೇ ಹೇಳಿಟ್ಟಿದ್ದ ಮರ ಕಡಿಯುವವನು ಕೊಡಲಿ ಹಿಡಿದು ಬಂದ ಬೆಳಿಗ್ಗೆ, ಅತ್ತೆ ಅದರಲ್ಲೊಂದನ್ನು ತೆಗೆದುಕೊಂಡು ಜಗಲಿಯಲ್ಲಿ ಕೂತರು. ಮುಖ ಹಿಂಡಿಕೊಂಡು, ಕಣ್ಣೀರು ಸುರಿಸುತ್ತ, ಓಟೆ ಕಾಣುವವರೆಗೂ ತಿಂದರು.

"ಥೂ! ಇಷ್ಟು ಕೆಟ್ಟ ಹಣ್ಣು ಜನ್ಮದಲ್ಲೇ ತಿಂದಿಲ್ಲೆ" ಎಂದು ಬಾಯಿ ಒರೆಸಿಕೊಂಡು, ಅವನ ಕಡೆ ತಿರುಗಿದರು. "ನೀ ಮನೆಗೆ ಹೋಗಪ್ಪ."