ಮೊಬೈಲಿನ ಮುಂದೆ ತಂಬಿಗೆ ನೀರು

ಅವ್ವ ತಲೆಗೆ ಸೆರಗು ಹೊದ್ದು, ತುಂಬಿದ ತಂಬಿಗೆ ತಂದು ನನ್ನ ಮೊಬೈಲಿನ ಮುಂದಿಟ್ಟಳು. ಕೊರೊನಾ ಕಾಲ. ಹಾನಗಲ್ಲಿನ ನಮ್ಮ ಕಾಲೇಜು ಬಾಗಿಲು ಹಾಕಿ, ಪಾಠವೆಲ್ಲ ಆನ್‌ಲೈನ್ ಆಗಿತ್ತು. ತಿಳವಳ್ಳಿಯ ನಮ್ಮ ಪಡಸಾಲೆಯಲ್ಲಿ ಸರ್ ದನಿ ಕೇಳಿತ್ತು, ಅಷ್ಟೇ.

“ಸರ್ ಮನೀಗೆ ಬಂದಾರ, ನೀರು ಕೊಡೂದು ಬ್ಯಾಡೇನು?” ಎಂದಳು.

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ನಾಚಿಕೆಯಾಗಿ ಹೆಬ್ಬೆರಳಿನಿಂದ ಕ್ಯಾಮೆರಾ ಮುಚ್ಚಿದೆ. ಸರ್ ನಗಲಿಲ್ಲ.

“ಮುಂಜಾನಿಂದ ಖಾಲಿ ಖೋಲ್ಯಾಗ ಒಬ್ಬನ ಒದರಾಕತ್ತೇನ್ರಿ ಅಕ್ಕಾರ. ನೀರು ಬೇಕೇನು ಅಂತ ಕೇಳಿದವರು ನೀವ ಮೊದಲು,” ಎಂದರು.

ಅವ್ವ ಕೈಮುಗಿದಳು. ಅದು ಅವರಿಗೆ ಕಾಣಲಿಲ್ಲ. ನಾನು ಬೆರಳು ತೆಗೆದಿರಲಿಲ್ಲ.

ಈಗಲೂ ಮನೆಗೆ ಬಂದವರಿಗೆ ಅವ್ವ ತಂಬಿಗೆ ನೀರು ಕೊಟ್ಟಾಗ, ನಾನು ಆ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಳ್ಳುತ್ತೇನೆ.